ಅಬ್ಬಲಿಗೆ ಗುಂಪಿನ ನೂರಕ್ಕೆ ನೂರು

ನಮ್ಮ ಶಾಲೆಯ ಸುಧಾರಣಾ ಯೋಜನೆ ಬರೆಯುವ ಕೆಲಸ ನನ್ನ ಪಾಲಿಗೆ ಬಂದದ್ದು ಬುದ್ಧಿವಂತಿಕೆಯಿಂದಲ್ಲ, ಪುಕ್ಕಲುತನದಿಂದ. "ಟೀಚರ್, ನೀವು ಹೇಗೂ ಇಡೀ ದಿನ ಮಂಡೆಬಿಸಿ ಮಾಡಿಕೊಂಡೇ ಇರ್ತೀರಿ. ಅದನ್ನೇ ಸ್ವಲ್ಪ ಕಂಪ್ಯೂಟರಿನ ಎದುರು ಕೂತು ಮಾಡಿ," ಎಂದರು ಹೆಡ್‌ಮಾಸ್ಟ್ರು. ಸ್ಟಾಫ್‌ರೂಮಿನಲ್ಲಿ ಎಲ್ಲರೂ ನಕ್ಕರು. ನಾನೂ ನಕ್ಕೆ. ಸುಳ್ಳಲ್ಲವಲ್ಲ. ಪಂಪ್‌ವೆಲ್ಲಿನ ಫ್ಲೈಓವರ್ ಕೆಳಗೆ ಬಸ್ಸಿಗೆ ಕಾಯುವಾಗ, ಗ್ಯಾಸ್ ಬಂದ್ ಮಾಡಿದ್ದೇನಾ ಎಂದು ಸಂಶಯ ಬಂದು, ಗಲ್ಫಿನ ದಮಾಮಿನಲ್ಲಿರುವ ಗಂಡನಿಗೆ ಫೋನು ಮಾಡಿ ಕೇಳಿದವಳು ನಾನು. ಅವರಿಗೆ ಅಲ್ಲಿಂದ ನಮ್ಮ ಅಡುಗೆಮನೆ ಕಾಣುತ್ತದೆ ಎಂಬ ಹಾಗೆ.

ನಮ್ಮದು ಊರ ನಡುವಿನ ಅನುದಾನಿತ ಕನ್ನಡ ಮಾಧ್ಯಮದ ಹೈಸ್ಕೂಲು. ನಾನು ವಿಜ್ಞಾನದವಳು. ಇಂಗ್ಲಿಷ್ ಮೀಡಿಯಮ್ಮಿನವರು ಆರಿಸಿಕೊಂಡು ಬಿಟ್ಟ ಮಕ್ಕಳು ನಮ್ಮಲ್ಲಿಗೆ ಬರುತ್ತಾರೆ. ಮನೆಯಲ್ಲಿ ತುಳು, ಬ್ಯಾರಿ, ಕೊಂಕಣಿ, ಕ್ಲಾಸಿನಲ್ಲಿ ಕನ್ನಡ, ಅಂಗಳದಲ್ಲಿ ಎಲ್ಲವೂ. ಹಿಂದಿನ ವರ್ಷ ಹತ್ತನೇ ಕ್ಲಾಸಿನ ರಿಸಲ್ಟು ಬಿದ್ದಿತ್ತು. ಮೇಲಿನವರು ಕರೆದ ಮೀಟಿಂಗಿನಲ್ಲಿ, ರಿಸಲ್ಟು ಬಿದ್ದ ಶಾಲೆಗಳ ಹೆಡ್‌ಮಾಸ್ಟ್ರುಗಳನ್ನು ಎಲ್ಲರೆದುರು ಎದ್ದು ನಿಲ್ಲಿಸಿದರಂತೆ. ಸರ್ವೀಸು ಪೂರ್ತಿ ಮಕ್ಕಳನ್ನು ಬೆಂಚಿನ ಮೇಲೆ ನಿಲ್ಲಿಸಿದ ಮನುಷ್ಯನಿಗೆ ನಿಲ್ಲುವುದು ಎಷ್ಟು ಕಷ್ಟವೆಂದು ಆ ದಿನ ಗೊತ್ತಾಗಿರಬೇಕು. ವಾಪಸು ಬಂದವರೇ ಹೇಳಿದರು: "ಚುರುಕಿನ ಮಕ್ಕಳಿಗೂ ಹಿಂದೆ ಬಿದ್ದವರಿಗೂ ನಡುವೆ ಅಂತರ ಉಂಟಲ್ಲ, ಅದು ಹೋಗಬೇಕು. ನೂರಕ್ಕೆ ನೂರು ಪಾಸಾಗಬೇಕು. ನಾನು ರಿಟೈರ್ ಆಗುವ ವರ್ಷ ಇನ್ನೊಮ್ಮೆ ಎದ್ದು ನಿಲ್ಲುವುದಿಲ್ಲ."

ಯೋಜನೆ ಸರಳ. ಮಳೆಗಾಲದಲ್ಲಿ ಒಂದು ಪರೀಕ್ಷೆ. ಅದರ ಮಾರ್ಕು ನೋಡಿ ಹತ್ತನೇ ಕ್ಲಾಸಿನವರನ್ನು ಮೂರು ಗುಂಪು ಮಾಡುವುದು. ಮೇಲಿನ ಗುಂಪಿಗೆ ಪೂರ್ತಿ ಪಾಠ. ನಡುವಿನವರಿಗೆ ಮುಖ್ಯ ಪಾಠ. ಕೊನೆಯವರಿಗೆ ಪಾಸಿಂಗ್ ಪ್ಯಾಕೇಜ್, ಎಂದರೆ ಪಾಸ್ ಮಾರ್ಕಿಗೆ ಎಷ್ಟು ಬೇಕೋ ಅಷ್ಟೇ ಪ್ರಶ್ನೆ, ಅಷ್ಟೇ ಚಿತ್ರ, ಎಲ್ಲವೂ ಬಾಯಿಪಾಠ. ಎ, ಬಿ, ಸಿ ಎಂದು ಕರೆದರೆ ಮಕ್ಕಳ ಮನಸ್ಸಿಗೆ ನೋವಾದೀತು ಎಂದು ಎರಡು ದಿನ ಚಿಂತೆ ಮಾಡಿ ನಾನೇ ಹೂವಿನ ಹೆಸರು ಇಟ್ಟೆ: ಮಲ್ಲಿಗೆ, ಸೇವಂತಿಗೆ, ಅಬ್ಬಲಿಗೆ. ನಮ್ಮ ಪಿ.ಟಿ. ಮಾಸ್ಟ್ರ ವಿಷಯಕ್ಕೆ ಬೋರ್ಡ್ ಪರೀಕ್ಷೆ ಇಲ್ಲ. ಹಾಗಾಗಿ ಎಲ್ಲ ಮೀಟಿಂಗಿನಲ್ಲೂ ಅವರದೇ ದೊಡ್ಡ ಸ್ವರ. ಅವರು ಹೂವುಗಳನ್ನು ಕೂಡಲೇ ಅನುವಾದ ಮಾಡಿದರು: "ಅಂಜಲ್, ಬಂಗುಡೆ, ಬೂತಾಯಿ."

ಅಂಜಲ್ ದುಬಾರಿ, ಬೂತಾಯಿ ಅಗ್ಗ ಎಂದು ಮೀನಿನ ಊರಿನಲ್ಲಿ ಯಾರಿಗೂ ಹೇಳಿಕೊಡಬೇಕಾಗಿಲ್ಲ. ಗುಂಪಿನ ಪಟ್ಟಿ ಹಾಕಿದ ದಿನ ಮಧ್ಯಾಹ್ನದ ಬೆಲ್ಲಾಗುವ ಮೊದಲೇ ವರಾಂಡದಲ್ಲಿ "ಏ ಬೂತಾಯಿ, ಬಾ ಇಲ್ಲಿ" ಎಂದು ಕೇಳಿಸಿತು. ಹೂವು ನೋಟೀಸ್ ಬೋರ್ಡಿನಲ್ಲಿ ಉಳಿಯಿತು.

ಪರೀಕ್ಷೆಯ ದಿನ ನದಿಯಲ್ಲಿ ನೀರು ಏರಿ ಆಚೆ ದಡದ ಬೆಂಗ್ರೆಯ ಫೆರಿ ನಿಂತಿತ್ತು. ಅಲ್ಲಿಂದ ಬರುವ ಮಕ್ಕಳು ಮನೆಯಲ್ಲೇ ಉಳಿದರು. ಒಬ್ಬಳು ಮಾತ್ರ ಬಂದಳು. ಪಣಂಬೂರಿನ ಕಡೆಯಿಂದ ಸುತ್ತಿ, ಲಾರಿಗಳ ನಡುವೆ ಸಿಕ್ಕಿಬಿದ್ದ ಬಸ್ಸಿನಲ್ಲಿ, ಪರೀಕ್ಷೆ ಹೆಚ್ಚುಕಡಿಮೆ ಮುಗಿಯುವಾಗ ಬಾಗಿಲಲ್ಲಿ ನಿಂತಿದ್ದಳು. ಯೂನಿಫಾರ್ಮಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಕೂತು ಆದಷ್ಟು ಬರೆದಳು. ನೂರಕ್ಕೆ ಹದಿನಾರು ಬಂತು. ಒಂಬತ್ತನೆಯಲ್ಲಿ ಕ್ಲಾಸಿಗೇ ಎರಡನೆಯವಳು ಅಬ್ಬಲಿಗೆಗೆ ಬಿದ್ದಳು. ಬಾರದೆ ಉಳಿದವರಿಗೆಲ್ಲ ಮುಂದಿನ ವಾರ ಮರುಪರೀಕ್ಷೆ ಇಟ್ಟೆವು. ಅವರಲ್ಲಿ ಇಬ್ಬರು ಮಲ್ಲಿಗೆಗೆ ಬಂದರು.

ನಾನು ಹೆಡ್‌ಮಾಸ್ಟ್ರ ಕೋಣೆಗೆ ಹೋದೆ. "ಸರ್, ಆ ಹುಡುಗಿಗೂ ಮರುಪರೀಕ್ಷೆ ಕೊಡಬೇಕಲ್ಲ?"

"ಮರುಪರೀಕ್ಷೆ ಗೈರುಹಾಜರಾದವರಿಗೆ ಟೀಚರ್. ಅವಳು ಹಾಜರು."

"ಹಾಗಾದ್ರೆ ಅವಳು ಬಾರದೇ ಇದ್ದಿದ್ರೆ ಒಳ್ಳೆದಿತ್ತಾ?"

"ಒಳ್ಳೆದಿತ್ತು. ಆದ್ರೆ ಅದನ್ನು ಮಕ್ಕಳ ಹತ್ರ ಹೇಳ್ಬೇಡಿ."

ಆಮೇಲೆ ದತ್ತು ಸ್ವೀಕಾರ. ಹಿಂದೆ ಬಿದ್ದ ಮಕ್ಕಳನ್ನು ಶಿಕ್ಷಕರು ಹಂಚಿಕೊಳ್ಳಬೇಕು. ಬೆಳಿಗ್ಗೆ ಫೋನು ಮಾಡಿ ಎಬ್ಬಿಸಬೇಕು, ಮನೆಗೆ ಹೋಗಿ ನೋಡಬೇಕು, ಹೇಗಾದರೂ ಪಾಸು ಮಾಡಿಸಬೇಕು. ದತ್ತುಮಗು ಫೇಲಾದರೆ ಉತ್ತರ ಕೊಡುವವರು ಸಾಕಿದವರು. ಹೀಗಾಗಿ ಆ ಮಧ್ಯಾಹ್ನ ಸ್ಟಾಫ್‌ರೂಮು ಮೀನಿನ ದಕ್ಕೆಯ ಏಲಂ ಆಯಿತು. "ಇದು ಬೇಡಪ್ಪ, ಇದಕ್ಕೆ ಕನ್ನಡ ಕೂಡಿಸಿ ಓದಲಿಕ್ಕೇ ಬರುವುದಿಲ್ಲ." "ಇವನ ಅಣ್ಣನೂ ಫೇಲು, ಅದು ರಕ್ತದಲ್ಲೇ ಉಂಟು." "ಇವಳನ್ನು ತಗೊಳ್ತೇನೆ, ಬದಲಿಗೆ ಆ ನಿದ್ರೆ ಮಾಡುವವನನ್ನು ಯಾರಾದ್ರೂ ತಗೊಳ್ಳಿ." ಕಿಟಕಿಯ ಹೊರಗೆ ಮಕ್ಕಳು ಬಿಸಿಯೂಟದ ತಟ್ಟೆ ಹಿಡಿದು ಕೂತಿದ್ದರು. ಯಾರಿಗೂ ಕಿಟಕಿ ಹಾಕಬೇಕೆಂದು ತೋಚಲಿಲ್ಲ. ನನಗೆ ತೋಚಿತು, ಆದರೆ ಎದ್ದು ಹೋಗಿ ಹಾಕಿದರೆ ಮಕ್ಕಳಿಗೆ ಕೇಳಿಸುತ್ತಿದೆ ಎಂದು ನಮಗೆ ಗೊತ್ತುಂಟು ಎಂಬುದು ಮಕ್ಕಳಿಗೆ ಗೊತ್ತಾಗುತ್ತದಲ್ಲ ಎಂದು ಯೋಚಿಸುತ್ತಾ ಕೂತೆ. ನನ್ನ ಯೋಚನೆಗಳು ಸಾಧಾರಣ ಈ ನಮೂನೆಯವು.

ಬೆಂಗ್ರೆಯ ಹುಡುಗಿಗೆ ಮಾತ್ರ ಭಾರೀ ಬೇಡಿಕೆ. ಅವಳು ಹೇಗೂ ಪಾಸಾಗುವವಳು. ದತ್ತು ತೆಗೆದುಕೊಂಡವರು ಆರಾಮವಾಗಿ ನಿದ್ದೆ ಮಾಡಬಹುದು. "ನಾನು ಮೊದಲೇ ಕಣ್ಣು ಹಾಕಿದ್ದೇನೆ," ಎಂದರು ಪಿ.ಟಿ. ಮಾಸ್ಟ್ರು. ಕೊನೆಗೆ ಯಾರಿಗೂ ಬೇಡವಾದ ಇಬ್ಬರನ್ನು ನಾನು ತೆಗೆದುಕೊಂಡರೆ ಅವಳನ್ನೂ ಜೊತೆಗೆ ಕೊಡುವುದು ಎಂದು ತೀರ್ಪಾಯಿತು.

ಅಬ್ಬಲಿಗೆಯವರು ಲ್ಯಾಬಿನಲ್ಲಿ ಕೂರುತ್ತಿದ್ದರು. ಲ್ಯಾಬೆಂದರೆ ಪ್ರಯೋಗಕ್ಕೆಂದು ತಿಳಿಯಬೇಡಿ. ಖಾಲಿ ಇದ್ದ ಕೋಣೆ ಅದೊಂದೇ. ಅಲ್ಲಿ ನಾನು ಹೃದಯದ ಚಿತ್ರ ಬರೆಸುತ್ತಿದ್ದೆ. ಹೃದಯ ಹೇಗೆ ಕೆಲಸ ಮಾಡುತ್ತದೆ ಎಂಬುದು ಪ್ಯಾಕೇಜಿನಲ್ಲಿ ಇರಲಿಲ್ಲ. ಚಿತ್ರ, ನಾಲ್ಕು ಭಾಗದ ಹೆಸರು, ಅಷ್ಟೆ. ಅವಳು ಮೊದಲ ದಿನವೇ ಚಿತ್ರ ಮುಗಿಸಿ ಕೈ ಎತ್ತಿದಳು. "ಟೀಚರ್, ಉಳಿದ ಪಾಠ ಯಾವಾಗ?"

"ಯಾವ ಉಳಿದದ್ದು?"

"ಮಲ್ಲಿಗೆಯವರಿಗೆ ವಿದ್ಯುತ್ತಿನ ಪಾಠ ಶುರುವಾಗಿದೆ. ಲೆಕ್ಕ ಎಲ್ಲ ಉಂಟು. ನಮಗೆ?"

ಅವಳಿಗೆ ಪಿ.ಯು.ಸಿ.ಯಲ್ಲಿ ಸೈನ್ಸ್ ಬೇಕಿತ್ತು. ಬೋಟಿನ ಕೆಲಸದಲ್ಲಿದ್ದ ಅಪ್ಪನಿಗೆ ಸಕ್ಕರೆ ಏರಿ ಆಸ್ಪತ್ರೆಯಲ್ಲಿದ್ದಾಗ, ಗಾಜಿನ ಆಚೆ ರಕ್ತದ ಟ್ಯೂಬುಗಳನ್ನು ಸಾಲಾಗಿಟ್ಟು ಪರೀಕ್ಷೆ ಮಾಡುತ್ತಿದ್ದ ಹೆಂಗಸನ್ನು ನೋಡಿದ್ದಳು. "ಡಾಕ್ಟ್ರೂ ಅವರ ಚೀಟಿಗೇ ಕಾಯ್ತಾರೆ ಟೀಚರ್. ಅವರು ಯಾರ ಮುಖವೂ ನೋಡುವುದಿಲ್ಲ. ಆ ಕೆಲಸ ನನಗೆ ಬೇಕು." ಅದಕ್ಕೆ ಸೈನ್ಸ್ ಬೇಕು, ಸೈನ್ಸಿಗೆ ಮಾರ್ಕು ಬೇಕು, ಮಾರ್ಕಿಗೆ ಪೂರ್ತಿ ಪುಸ್ತಕ ಬೇಕು. ಅವಳ ಕೈಯಲ್ಲಿ ಇದ್ದದ್ದು ಪ್ಯಾಕೇಜಿನ ತೆಳ್ಳಗಿನ ಕಟ್ಟು.

ಊಟದ ಹೊತ್ತಿನಲ್ಲಿ ನಾನು ಅವಳೊಬ್ಬಳಿಗೇ ವಿದ್ಯುತ್ತಿನ ಪಾಠ ಮಾಡತೊಡಗಿದೆ. ಒಂದು ವಾರ ಕೂಡ ನಡೆಯಲಿಲ್ಲ. ಪಿ.ಟಿ. ಮಾಸ್ಟ್ರು ಲ್ಯಾಬಿನೊಳಗೆ ಇಣುಕಿ, "ಓಹೋ, ಸ್ಪೆಷಲ್ ಊಟ!" ಎಂದು ಹೋದರು. ಸಂಜೆ ಹೆಡ್‌ಮಾಸ್ಟ್ರು ಕರೆಸಿದರು. ಸಿಟ್ಟಿರಲಿಲ್ಲ. ಮಕ್ಕಳಿಗೆ ಭಾಗಾಕಾರ ಹೇಳಿಕೊಡುವ ಸ್ವರ.

"ಟೀಚರ್, ನಾವು ಈ ವರ್ಷ ಎಂತ ಮಾಡ್ಲಿಕ್ಕೆ ಹೊರಟದ್ದು?"

"ಅಂತರ ಕಡಿಮೆ ಮಾಡ್ಲಿಕ್ಕೆ ಸರ್."

"ಗುಂಪಿನಲ್ಲಿ ಒಬ್ಬಳಿಗೆ ಮಾತ್ರ ಹೆಚ್ಚು ಕಲಿಸಿದ್ರೆ ಅಂತರ ಹೆಚ್ಚಾಗ್ತದಾ, ಕಡಿಮೆಯಾಗ್ತದಾ?"

ಈಗಲೂ ಬಸ್ಸಿನಲ್ಲಿ ಕೂತಾಗ ಅದಕ್ಕೆ ಉತ್ತರ ಹುಡುಕುತ್ತೇನೆ. ಮೂರ್ನಾಲ್ಕು ಒಳ್ಳೆಯವು ಸಿಕ್ಕಿವೆ.

"ಹಾಗಾದ್ರೆ ಅವಳನ್ನು ಮಲ್ಲಿಗೆಗೆ ಹಾಕಿ ಸರ್. ಅವಳು ಅಲ್ಲಿಯವಳೇ."

ಬದಿಯಲ್ಲಿ ಕೂತು ಚಾ ಕುಡಿಯುತ್ತಿದ್ದ ಪಿ.ಟಿ. ಮಾಸ್ಟ್ರಿಗೆ ನಗು ತಡೆಯಲಾಗಲಿಲ್ಲ. "ಬೂತಾಯಿ ಬುಟ್ಟಿಯಲ್ಲಿ ಅಂಜಲ್ ಸಿಕ್ಕಿದೆ. ಯಾರಾದ್ರೂ ವಾಪಸು ಕೊಡ್ತಾರಾ ಮಾರಾಯ್ರೆ?"

ಹೆಡ್‌ಮಾಸ್ಟ್ರು ಅವರನ್ನು ಗದರಲಿಲ್ಲ. ಕೊನೆಯ ಗುಂಪು ಎಷ್ಟು ಮೇಲೆ ಬಂತು ಎಂಬುದನ್ನೇ ಮೇಲಿನವರು ನೋಡುವುದು. ಹದಿನಾರರಿಂದ ಹೊರಟ ಇಂಥ ಒಬ್ಬಳಿದ್ದರೆ ಇಡೀ ಗುಂಪೇ ಮೇಲೆದ್ದ ಹಾಗೆ ಕಾಣುತ್ತದೆ. ಅಷ್ಟಾದರೂ ಅವರು ಒಂದು ಬಾಗಿಲು ತೆರೆದಿಟ್ಟರು: "ಹೆತ್ತವರು ಬಂದು ಕೇಳಿದ್ರೆ ನೋಡುವ. ಹೆತ್ತವರ ಮಾತು ನಾನು ತೆಗೆದುಹಾಕುವುದಿಲ್ಲ."

ಅವಳ ಅಮ್ಮ ಮಾರ್ಕೆಟ್ಟಿನಲ್ಲಿ ಮೀನು ಮಾರುವವರು. ವ್ಯಾಪಾರ ಮುಗಿಸಿ, ಕೈಕಾಲು ತೊಳೆದು, ಸೀರೆ ಬದಲಿಸಿ ಬಂದರು. ಹುಡುಗಿ ಅವರ ಹಿಂದೆ ನಿಂತಳು. ನಾನು ಹಿಂದಿನ ರಾತ್ರಿಯಿಂದ ಹೇಳಬೇಕಾದ್ದನ್ನು ಮನಸ್ಸಿನಲ್ಲೇ ಉರು ಹೊಡೆದಿದ್ದೆ. ಕೊಂಕಣಿಯಲ್ಲಿ ಯೋಚಿಸಿ, ಕನ್ನಡದಲ್ಲಿ ಜೋಡಿಸಿ, ತುಳುವಿನಲ್ಲಿ ಹೇಳುವುದೆಂದು ಸಿದ್ಧವಾಗಿದ್ದೆ. ಹೆಡ್‌ಮಾಸ್ಟ್ರಿಗೆ ಆ ಕಷ್ಟ ಇಲ್ಲ. ಅವರಿಗೆ ತುಳು ಮನೆಮಾತು.

"ಕೂತ್ಕೊಳ್ಳಿ ಅಕ್ಕ," ಎಂದು ಕುರ್ಚಿ ಎಳೆದುಕೊಟ್ಟರು. ನಮ್ಮ ಶಾಲೆಯಲ್ಲಿ ಮೀನು ಮಾರುವವರಿಗೆ ಹೆಡ್‌ಮಾಸ್ಟ್ರು ಕುರ್ಚಿ ಎಳೆದುಕೊಟ್ಟದ್ದನ್ನು ನಾನು ಅದೇ ಮೊದಲು ನೋಡಿದ್ದು. "ಇಲ್ಲಿರುವ ಗುಂಪಿನಲ್ಲೇ ಇದ್ರೆ ನಿಮ್ಮ ಮಗಳು ಪಾಸು. ಅದು ನನ್ನ ಜವಾಬ್ದಾರಿ. ಆಚೆ ಗುಂಪಿಗೆ ಹೋದ್ರೆ ದೊಡ್ಡ ದೊಡ್ಡ ಪಾಠ. ಪಾಸಾಗಬಹುದು, ಆಗದೆಯೂ ಇರಬಹುದು."

"ಟೆಂತ್ ಪಾಸಾದ್ರೆ ಪಾಸ್‌ಪೋರ್ಟಿಗೂ ಒಳ್ಳೆದು ಅಕ್ಕ," ಎಂದು ಪಿ.ಟಿ. ಮಾಸ್ಟ್ರು ಸೇರಿಸಿದರು. "ನಾಳೆ ಗಲ್ಫಿಗೆ ಹೋಗ್ಲಿಕ್ಕಾದ್ರೂ ಆದೀತು."

ಅಮ್ಮ ತಿರುಗಿ ಮಗಳನ್ನು ನೋಡಿದರು. "ನಿಕ್ಕ್ ಮಲ್ಲಿಗೆ ಬೋಡಾ?" ನಿನಗೆ ಮಲ್ಲಿಗೆ ಬೇಕಾ ಎಂದು ಕೇಳಿದ್ದು, ಆದರೆ ಅದು ಕೇಳುವ ಸ್ವರವಾಗಿರಲಿಲ್ಲ. "ಹದಿನಾರು ಮಾರ್ಕಿಗೆ ಮಲ್ಲಿಗೆ ಬೋಡಾ?"

"ನಾನು ಫೇಲಾದದ್ದಲ್ಲ ಅಮ್ಮ," ಎಂದಳು ಹುಡುಗಿ, ನಮಗೂ ಸೇರಿಸಿ ಹೇಳುವ ಹಾಗೆ ಕನ್ನಡದಲ್ಲೇ. "ಫೆರಿ ಇರಲಿಲ್ಲ."

"ಫೆರಿ ಇಲ್ಲದಿದ್ರೆ ಮನೆಯಲ್ಲಿ ಇರಬೇಕಿತ್ತು," ಎಂದರು ಪಿ.ಟಿ. ಮಾಸ್ಟ್ರು. ಎಲ್ಲರೂ ನಕ್ಕರು. ಅಮ್ಮ ಕೂಡ, ಮರ್ಯಾದೆಗೆ.

ಆಮೇಲೆ ಆ ಹೆಂಗಸು ನನ್ನ ಕಡೆ ತಿರುಗಿದರು. ನಗು ಇರಲಿಲ್ಲ. "ಟೀಚರೇ, ನೀವು ಹೇಳಿದ್ದಕ್ಕೆ ನಾನು ಬಂದದ್ದು. ಆಚೆ ಹಾಕಿದ್ರೆ ಪಾಸಾಗ್ತಾಳಾ? ನೀವು ಗ್ಯಾರಂಟಿ ಕೊಡ್ತೀರಾ?"

ಸರಿಯಾದ ಪ್ರಶ್ನೆ, ಕೇಳಿದ್ದು ಮಾತ್ರ ತಪ್ಪಾದವಳಲ್ಲಿ. ಬೆಳಿಗ್ಗೆ ಮನೆಗೆ ಬೀಗ ಹಾಕಿದ್ದೇನೆಂದು ಕೂಡ ನಾನು ಯಾರಿಗೂ ಗ್ಯಾರಂಟಿ ಕೊಟ್ಟವಳಲ್ಲ. ಹೌದು ಎನ್ನಬೇಕಿತ್ತು. ಹೇಳತೊಡಗಿದೆ: "ಅವಳು ಚುರುಕು ಇದ್ದಾಳೆ. ಓದಿದ್ರೆ ಖಂಡಿತ ಆಗ್ತದೆ. ಆದ್ರೆ ಪರೀಕ್ಷೆ ಅಂದ್ಮೇಲೆ ಹೇಗೆ ಹೇಳುವುದು, ಆ ದಿನ ಜ್ವರ ಬಂದ್ರೆ, ಪೇಪರ್ ಕಷ್ಟ ಬಂದ್ರೆ..."

"ಯಾವು ಟೀಚರೇ," ಎಂದರು ಅವರು. ಸಾಕು ಎಂದು ಅರ್ಥ. ಎದ್ದು, ಹೆಡ್‌ಮಾಸ್ಟ್ರಿಗೆ ಕೈಮುಗಿದು, ಮಗಳನ್ನು ಅಲ್ಲೇ ಬಿಟ್ಟು ಹೋದರು.

ವರಾಂಡದಲ್ಲಿ ಹುಡುಗಿ ನನ್ನ ಜೊತೆ ಕೆಲವು ಹೆಜ್ಜೆ ಬಂದಳು. ಸಮಾಧಾನ ಹೇಳಲು ಶಬ್ದ ಹುಡುಕುತ್ತಿದ್ದೆ. ಅವಳಿಗೆ ಹುಡುಕಬೇಕಾಗಿರಲಿಲ್ಲ. "ಹೌದು ಅಂತ ಹೇಳಿದ್ರೆ ಸಾಕಿತ್ತು ಟೀಚರ್. ಸುಳ್ಳಾದ್ರೂ ಸಾಕಿತ್ತು."

ಅಲ್ಲಿಂದ ಮುಂದೆ ಅವಳು ನನ್ನನ್ನು ಏನೂ ಕೇಳಲಿಲ್ಲ. ಹೆಡ್‌ಮಾಸ್ಟ್ರು ಅವಳನ್ನು ಗುಂಪಿನ ಲೀಡರ್ ಮಾಡಿದರು. ಲ್ಯಾಬಿನಲ್ಲಿ ಎಲ್ಲರ ಎದುರು ನಿಂತು ಅವಳು ಅವರಿಂದ ಪ್ಯಾಕೇಜನ್ನು ಒಪ್ಪಿಸಿಕೊಳ್ಳುತ್ತಿದ್ದಳು. ನಾನು ಒಂದು ತಿಂಗಳಿಂದ ಕಲಿಸಲಾಗದ್ದನ್ನು ಅವಳು ಒಂದು ವಾರದಲ್ಲಿ ಹೊಡೆದು ಕೂರಿಸಿದಳು. ಹೊಡೆದು ಎಂದರೆ ಸ್ಕೇಲಿನಲ್ಲೇ. ಕೂಡಿಸಿ ಓದಲು ಬಾರದ ಆ ಹುಡುಗ, ನನ್ನ ದತ್ತುಮಗನೇ, ಒಂದು ದಿನ ಅವಳನ್ನು ಕೇಳಿದ, ಎಡಗಡೆ ರಕ್ತ ಯಾಕೆ ಕೆಂಪು, ಬಲಗಡೆ ಯಾಕೆ ನೀಲಿ ಬಣ್ಣ ಕೊಡುವುದು ಎಂದು. ಅವಳು ಅವನ ತಲೆಗೆ ಮೊಟಕಿದಳು. "ಅರ್ಥ ಮಾಡ್ಲಿಕ್ಕೆ ಹೋಗ್ಬೇಡ. ಬರೆ."

ನಾನು ಬಾಗಿಲಲ್ಲೇ ನಿಂತಿದ್ದೆ. ಗದರಬೇಕಿತ್ತು. ಆದರೆ ಅವಳು ಹೇಳಿದ್ದು ನಾನು ಟೈಪು ಮಾಡಿದ ಯೋಜನೆಯ ಸಾರಾಂಶವೇ. ನನಗೆ ಅದನ್ನು ಹೇಳಲು ಹನ್ನೊಂದು ಪುಟ ಬೇಕಾಗಿತ್ತು.

ಪೂರ್ವಸಿದ್ಧತಾ ಪರೀಕ್ಷೆಯ ಹೊತ್ತಿಗೆ ಅವಳ ಕೈಯಲ್ಲಿ ಹಳೇ ವಿಜ್ಞಾನ ಪುಸ್ತಕವೊಂದು ಕಂಡಿತು. ಫೆರಿಯಲ್ಲಿ ಓದುತ್ತಿದ್ದಳಂತೆ. ವಿದ್ಯುತ್ತಿನ ಪಾಠಕ್ಕೆ ಬಂದಾಗ ಸಿಕ್ಕಿಕೊಂಡಿರಬೇಕು. ಲೆಕ್ಕಗಳ ಪಕ್ಕದಲ್ಲಿ ಪೆನ್ಸಿಲಿನ ಪ್ರಶ್ನೆಚಿಹ್ನೆಗಳಿದ್ದವು. "ಕೊಡು, ಹೇಳಿಕೊಡ್ತೇನೆ," ಎಂದೆ.

"ಬೇಡ ಟೀಚರ್. ಅಂತರ ಹೆಚ್ಚಾಗ್ತದೆ."

ಹೆಡ್‌ಮಾಸ್ಟ್ರ ಮಾತು ಅವಳವರೆಗೆ ಹೇಗೆ ಹೋಯಿತೋ. ನಮ್ಮ ಶಾಲೆಯ ಕಿಟಕಿಗಳು ಯಾವುದೂ ಸರಿಯಾಗಿ ಮುಚ್ಚುವುದಿಲ್ಲ.

ರಿಸಲ್ಟು ಬಂದ ದಿನ ನೂರಕ್ಕೆ ನೂರು. ಯಾರಿಗೂ ಬೇಡವಾಗಿ ನನ್ನ ಪಾಲಿಗೆ ಬಂದ ಆ ಇಬ್ಬರೂ ಪಾಸು. ಅವರ ಮನೆಯವರು ಲಡ್ಡು ತಂದು ಅತ್ತರು. ಅದು ನಿಜವಾದ ಸಂತೋಷ, ನಾನು ಅದನ್ನು ಹಗುರ ಮಾಡುವುದಿಲ್ಲ. ಬೆಂಗ್ರೆಯ ಹುಡುಗಿಗೆ ಐವತ್ತೆಂಟು ಪರ್ಸೆಂಟು. ಭಾಷೆಗಳಲ್ಲಿ ಒಳ್ಳೆ ಮಾರ್ಕು. ವಿಜ್ಞಾನ ಮತ್ತು ಗಣಿತದಲ್ಲಿ ಪ್ಯಾಕೇಜು ಎಷ್ಟು ಕೊಡುತ್ತದೋ ಅಷ್ಟು, ಅದರ ಮೇಲೆ ಸ್ವಲ್ಪ. ಆ ಸ್ವಲ್ಪ ಫೆರಿಯಲ್ಲಿ ಓದಿದ್ದಿರಬೇಕು.

ಒಂದು ವಾರದೊಳಗೆ ಶಾಲೆಯ ಗೇಟಿನ ಮೇಲೆ ಫ್ಲೆಕ್ಸ್ ಬಂತು. ಮಲ್ಲಿಗೆಯ ಟಾಪರುಗಳಿಗೆ ಸಣ್ಣ ಸಣ್ಣ ಫೋಟೋ. ನಡುವೆ ಎಲ್ಲರಿಗಿಂತ ದೊಡ್ಡದಾಗಿ ಅವಳದ್ದು. ಕೆಳಗೆ: "ಅತ್ಯಂತ ಹೆಚ್ಚು ಪ್ರಗತಿ ಸಾಧಿಸಿದ ವಿದ್ಯಾರ್ಥಿನಿ. ಆಗ: 16. ಈಗ: 58." ಹದಿನಾರು ಕೆಂಪಿನಲ್ಲಿ, ಐವತ್ತೆಂಟು ಹಸಿರಿನಲ್ಲಿ. ಸಿಟಿ ಬಸ್ಸಿನಿಂದಲೂ ಓದಲು ಬರುವಷ್ಟು ದೊಡ್ಡ ಅಕ್ಷರ.

ಅವಳು ಟಿ.ಸಿ.ಗೆ ಬಂದಾಗ ಹೆಡ್‌ಮಾಸ್ಟ್ರ ಎದುರೇ ಹೇಳಿದಳು: "ಸರ್, ಫೋಟೋ ಇರ್ಲಿ. ಹದಿನಾರು ತೆಗೆಸಿ."

"ಹದಿನಾರು ತೆಗೆದ್ರೆ ಐವತ್ತೆಂಟರಲ್ಲಿ ಎಂತ ಉಂಟು ಬಾಲೆ?" ಅವರು ನಿಜವಾಗಿಯೂ ಪ್ರೀತಿಯಿಂದ ಹೇಳಿದರು. "ಹದಿನಾರು ಇದ್ದದ್ದಕ್ಕೇ ನೀನು ಅಲ್ಲಿ ಇರುವುದು."

ಕಾಲೇಜಿಗೆ ನಾನೇ ಜೊತೆಗೆ ಹೋದೆ. ಬೇಡವೆಂದಳು, ಆದರೂ ಹೋದೆ. ಮನೆಯಲ್ಲಿ ಕೂತು ಚಿಂತೆ ಮಾಡುವುದಕ್ಕಿಂತ ಅಲ್ಲಿ ನಿಂತು ಮಾಡುವುದು ಮೇಲು ಎಂದು. ಅಡ್ಮಿಷನ್ನಿಗೆ ಕೂತ ಲೆಕ್ಚರರು ಮಧ್ಯವಯಸ್ಸಿನವರು, ಒಳ್ಳೆಯ ಮಾತಿನವರು. ಸೈನ್ಸಿಗೆ ಇಷ್ಟೇ ಮಾರ್ಕು ಬೇಕೆಂದು ಗೆರೆ ಇಲ್ಲ, ಸೀಟು ಉಂಟು, ಹುಡುಗಿಗೆ ಆಸಕ್ತಿ ಇದ್ದರೆ ನೋಡುವ ಎಂದು ಮಾರ್ಕ್ಸ್ ಕಾರ್ಡು ಕೈಗೆತ್ತಿಕೊಂಡರು.

ಅವರು ಮುಖ ಎತ್ತಿ ಹುಡುಗಿಯನ್ನು ನೋಡಿದರು. ಇನ್ನೊಮ್ಮೆ ನೋಡಿದರು. ಮುಖ ಅರಳಿತು.

"ಓ! ನೀನು ಆ ಫ್ಲೆಕ್ಸಿನ ಹುಡುಗಿಯಲ್ವಾ? ನಾನು ದಿನಾ ಆ ದಾರಿಯಲ್ಲೇ ಬರುವುದು. ಹದಿನಾರರಿಂದ ಐವತ್ತೆಂಟು! ಶಭಾಷ್." ಪಕ್ಕದವರಿಗೂ ತೋರಿಸಿದರು. "ಎಷ್ಟು ಕಷ್ಟಪಟ್ಟಿದೆ ನೋಡಿ ಈ ಮಗು."

ಆಮೇಲೆ ಮಾರ್ಕ್ಸ್ ಕಾರ್ಡನ್ನು ಮೆಲ್ಲ ಮೇಜಿನ ಮೇಲಿಟ್ಟರು. "ಆದ್ರೆ ನೋಡು ಮಗಾ, ಇಷ್ಟು ಕಷ್ಟದಲ್ಲಿ ಪಾಸಾದವಳಿಗೆ ಸೈನ್ಸ್ ಭಾರ ಆಗ್ತದೆ. ಬೇಸಿಕ್ಕೇ ಇಲ್ಲದಿದ್ರೆ ಮುಂದೆ ಅಳಬೇಕಾಗ್ತದೆ. ಕಾಮರ್ಸ್ ತಗೋ. ನಿನ್ನ ಒಳ್ಳೆದಕ್ಕೇ ಹೇಳುವುದು."

"ಸರ್, ಆ ಹದಿನಾರು ನಿಜವಾದ್ದಲ್ಲ," ಎಂದೆ ನಾನು. ಈ ಸಲ ತಡವರಿಸಲಿಲ್ಲ, ಜ್ವರ ಎನ್ನಲಿಲ್ಲ, ಕಷ್ಟದ ಪೇಪರ್ ಎನ್ನಲಿಲ್ಲ. "ಅವಳು ಒಂಬತ್ತನೆಯಲ್ಲಿ ಎರಡನೆಯವಳು. ಆ ದಿನ ತಡವಾಗಿ ಬಂದಿದ್ದಳು. ಅವಳಿಗೆ ನಾವು ಪೂರ್ತಿ ಪಾಠವೇ ಮಾಡಿಲ್ಲ. ನಾನು ಅವಳ ವಿಜ್ಞಾನದ ಟೀಚರ್. ಅವಳು ಸೈನ್ಸ್ ಮಾಡ್ತಾಳೆ, ನಾನು ಗ್ಯಾರಂಟಿ ಕೊಡ್ತೇನೆ."

ಅವರು ನನ್ನನ್ನು ಕನಿಕರದಿಂದ ನೋಡಿದರು. "ನಿಮ್ಮ ಶಾಲೆಯವರೇ ಊರಿಗೆಲ್ಲ ಕಾಣುವ ಹಾಗೆ ಬರೆದು ಹಾಕಿದ್ದಲ್ವಾ ಟೀಚರ್? ಸುಳ್ಳು ಬರೆದದ್ದು ಅಂತ ಹೇಳ್ತೀರಾ?"

ಸುಳ್ಳಲ್ಲ. ಹದಿನಾರು ಬಂದದ್ದು ಹೌದು. ಐವತ್ತೆಂಟು ಬಂದದ್ದೂ ಹೌದು. ಹುಡುಗಿ ಮಾರ್ಕ್ಸ್ ಕಾರ್ಡನ್ನು ಮೇಜಿನಿಂದ ತಾನೇ ಎತ್ತಿಕೊಂಡಳು.

ಕಾಮರ್ಸಿನ ಸಾಲು ವರಾಂಡದ ತುದಿಯವರೆಗೆ ಇತ್ತು. ಅವಳು ಹೋಗಿ ನಿಂತಳು. ನಾನೂ ಪಕ್ಕದಲ್ಲಿ ನಿಂತು, ಬೇರೆ ಕಾಲೇಜು ನೋಡುವ, ಮಾರ್ಕು ಹೆಚ್ಚಿಸಲು ಇನ್ನೊಮ್ಮೆ ಬರೆಯುವ, ನಮ್ಮ ಮನೆಗೇ ಬಾ, ಪೂರ್ತಿ ಪುಸ್ತಕ ನಾನು ಮಾಡಿಸ್ತೇನೆ ಎಂದೆಲ್ಲ ಹೇಳುತ್ತಾ ಹೋದೆ. ಮುಂದಿದ್ದ ಹುಡುಗಿಯರು ತಿರುಗಿ ನೋಡತೊಡಗಿದರು. ಒಬ್ಬಳು ಇನ್ನೊಬ್ಬಳ ಕಿವಿಯಲ್ಲಿ ಏನೋ ಹೇಳಿದಳು. ಇಬ್ಬರ ಕಣ್ಣೂ ನನ್ನ ದತ್ತುಮಗಳ ಮುಖಕ್ಕೆ ಬಂದು ನಿಂತವು.

"ಟೀಚರ್, ನೀವು ಹೋಗಿ," ಎಂದಳು ಅವಳು, ಸ್ವರ ಏರಿಸದೆ. "ನೀವು ಇದ್ರೆ ಎಲ್ಲರಿಗೂ ಗೊತ್ತಾಗ್ತದೆ."

"ಎಂತ ಗೊತ್ತಾಗುವುದು ಮಗಾ?"

"ನಾನು ಯಾರು ಅಂತ."

ನಾನು ಹೋದೆ. ಗೇಟಿನ ಹತ್ತಿರ ನಿಂತು ತಿರುಗಿ ನೋಡಿದೆ. ಯಾರದೋ ಅಪ್ಪ ಮಗಳ ಕೈಹಿಡಿದು ಸಾಲಿನ ನಡುವೆ, ನಮ್ಮ ಹುಡುಗಿಯ ಎದುರೇ ನುಗ್ಗಿದರು. ಅವಳು ಅವರ ಮುಖ ನೋಡಲಿಲ್ಲ. ಮೊಣಕೈ ಚಾಚಿ ಆ ಮಗಳನ್ನು ಹಿಂದಕ್ಕೆ ತಳ್ಳಿ, ಒಂದು ಹೆಜ್ಜೆ ಮುಂದೆ ಹೋದಳು.